ಸಂಗಡಿಗರಲ್ಲಿ ಒಬ್ಬಳು

"ನೀವು ಜಾಸ್ತಿ ಏನು ಕೇಳ್ತೀರಾ ಸಾರ್?" ಎಂದು ಬೆಂಗಳೂರಿನ ಅಂಗಡಿಯವರು ಫೋನಿನಲ್ಲಿ ಕೇಳಿದರು. ಹಳೆಯ ಗಾನತಟ್ಟೆಗಳನ್ನು ಹಾಕುವ ಟರ್ನ್‌ಟೇಬಲ್ಲು, ಅದರ ಮುಳ್ಳು, ಮುಳ್ಳಿನಿಂದ ಬಂದ ಸಣ್ಣ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆಗಳು, ಇಂಥವನ್ನೇ ಮಾರುವ ಅಂಗಡಿ ಅದು. ಶಾಸ್ತ್ರೀಯವೋ, ಹಳೇ ಸಿನಿಮಾ ಹಾಡೋ ತಿಳಿದುಕೊಂಡು ಅದಕ್ಕೆ ಹೊಂದುವ ಪೆಟ್ಟಿಗೆ ಹೇಳುವುದು ಅವರ ಪದ್ಧತಿಯಂತೆ. ನಾನು, "ಹಿಂದೆ ಹಾಡೋರನ್ನ ಕೇಳ್ತೀನಿ" ಅಂದೆ.

"ಅಂದ್ರೆ ಕೋರಸ್ಸಾ ಸಾರ್?"

"ಹೂಂ. ಕೋರಸ್ಸಿನಾಗೆ ಒಬ್ಬಳನ್ನ."

ಅವರು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಯಾವುದೋ ತಲೆ ಕೆಟ್ಟ ಗಿರಾಕಿ ಗಂಟು ಬಿದ್ದ ಅಂದುಕೊಂಡಿರಬೇಕು. ಅವರ ಮೇಲೆ ತಪ್ಪು ಹೇಳುವಂತಿಲ್ಲ. ನನ್ನ ಹೆಂಡತಿಯೂ ಅಡುಗೆಮನೆ ಬಾಗಿಲಲ್ಲಿ ನಿಂತು ಅದೇ ಮುಖ ಮಾಡಿಕೊಂಡು ನೋಡುತ್ತಿದ್ದಳು.

ಆ ಒಬ್ಬಳು ನನ್ನ ಅಕ್ಕ. ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ಅವಳ ಹಾಡು ಈ ಜಗತ್ತಿನಲ್ಲಿ ಉಳಿದಿರುವುದು ಒಂದೇ ಕಡೆ, ಒಂದು ಎಲ್‌ಪಿ ತಟ್ಟೆಯ ಮೇಲೆ. ಅಲ್ಲೂ ಅವಳು ಒಬ್ಬಳೇ ಹಾಡಿಲ್ಲ. ಬಹಳ ಹಿಂದೆ ಸೋಬಾನೆ ಪದ ಸಂಗ್ರಹಿಸುವವರೊಬ್ಬರು ನಮ್ಮ ಕಡೆ ಬಂದಿದ್ದರು. ಮದುವೆಯಲ್ಲಿ, ಬಸಿರಿ ಶಾಸ್ತ್ರದಲ್ಲಿ ಹೆಂಗಸರು ಕೂಡಿ ಹೇಳುವ ಪದಗಳು ಅವು. ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರು ಅವಳ ಹಿಂದೆ ಹೇಳುತ್ತಾರೆ. ಬಂದವರು ಒಬ್ಬ ಹಿರಿಯ ಹಾಡುಗಾರ್ತಿಯನ್ನೂ ಅವರ ಹಿಂದೆ ಹೇಳಲು ನಮ್ಮ ಹಟ್ಟಿಯ ಐದು ಜನ ಹೆಂಗಸರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗಿ ತಟ್ಟೆ ಮಾಡಿಸಿದರು. ಅಕ್ಕನಿಗೆ ಮದುವೆಯಾಗಿ ಆಗಿನ್ನೂ ವರ್ಷವೂ ತುಂಬಿರಲಿಲ್ಲ, ತವರಿಗೆ ಬಂದಿದ್ದಳು. ಸ್ಟುಡಿಯೋದವರು ಬಳೆ ಸದ್ದು ಮಾಡುತ್ತೆ, ಬಿಚ್ಚಿಡಿ ಅಂದರಂತೆ. ಐವರೂ ಒಪ್ಪದೆ ಕೈಗೆ ಬಟ್ಟೆ ಸುತ್ತಿಕೊಂಡು ನಿಂತರಂತೆ. ಆ ಪ್ರಯಾಣದ ಬಗ್ಗೆ ಅವಳು ಹೇಳಿದ್ದು ಇಷ್ಟೇ, ಜೊತೆಗೆ ಅಲ್ಲಿ ಕೊಟ್ಟ ಕಾಫಿ ತಣ್ಣಗಿತ್ತು ಅನ್ನುವುದು.

ತಟ್ಟೆಯ ಹೊದಿಕೆಯ ಮೇಲೆ ಹಿರಿಯ ಹಾಡುಗಾರ್ತಿಯ ಹೆಸರು ದಪ್ಪಕ್ಷರದಲ್ಲಿದೆ. ಅದರ ಕೆಳಗೆ ಸಣ್ಣದಾಗಿ "ಮತ್ತು ಸಂಗಡಿಗರು" ಅಂತಿದೆ. ನನ್ನ ಅಕ್ಕ ಆ ಮಾತಿನ ಒಳಗೆ ಎಲ್ಲೋ ಇದ್ದಾಳೆ.

ನನಗೆ ಆಗ ತುರುವೇಕೆರೆಯಲ್ಲಿ ಮೈಕ್‌ಸೆಟ್ ಅಂಗಡಿ. ಮದುವೆ, ತಿಥಿ, ಎಲೆಕ್ಷನ್ನು, ಎಲ್ಲಕ್ಕೂ ಹಾರ್ನ್ ಸ್ಪೀಕರುಗಳನ್ನು ತೆಂಗಿನ ಮರಕ್ಕೆ ಕಟ್ಟಿ ನಾಲ್ಕು ಊರಿಗೆ ಕೇಳಿಸುವ ಕೆಲಸ. ಅಕ್ಕನ ತಟ್ಟೆ ಬಂದಾಗ ಎರಡು ಪ್ರತಿ ಕೊಂಡೆ. ಒಂದು ಮದುವೆಗಳಲ್ಲಿ ತಿರುಗಿ ತಿರುಗಿ, ಮುಳ್ಳು ಉತ್ತು ಉತ್ತು, ಅದರ ಗೀರುಗಳೆಲ್ಲ ಬೆಳ್ಳಗಾದವು. ಇನ್ನೊಂದನ್ನು ಟ್ರಂಕಿನಲ್ಲಿಟ್ಟೆ. ಹಾರ್ನಿನಲ್ಲಿ ಐವರ ದನಿಯೂ ಒಂದೇ ದನಿಯಾಗಿ ಬರುತ್ತಿತ್ತು. ಅದು ಆಗ ನನಗೆ ಕೊರತೆ ಅನ್ನಿಸಿರಲಿಲ್ಲ. ಅಕ್ಕ ಬೇಕೆನ್ನಿಸಿದಾಗ ಬಸ್ಸು ಹತ್ತಿ ದಂಡಿನಶಿವರದ ಕಡೆ ಅವಳ ಗಂಡನ ಮನೆಗೆ ಹೋದರೆ ಅವಳೇ ಇರುತ್ತಿದ್ದಳು. "ಬಂದೇನ್ಲಾ? ನಿನ್ನ ಕಿವಿ ಇನ್ನೂ ನೆಟ್ಟಗೈತಾ, ಮೈಕ್ ಕೂಗಿಸಿ ಕೂಗಿಸಿ ಹೋಯ್ತಾ?" ಅನ್ನುತ್ತಾ ಮಣೆ ಹಾಕುತ್ತಿದ್ದಳು.

ಅವಳ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಗಂಟಲಿನ ಥೈರಾಯ್ಡ್ ಆಪರೇಷನ್ ಆಯಿತು. ಮಾತಿಗೆ ತೊಂದರೆಯಿರಲಿಲ್ಲ, ಪದ ಹೇಳಲು ಹೋದರೆ ದನಿ ಮೇಲಕ್ಕೆ ಏಳುತ್ತಿರಲಿಲ್ಲ. ಅವತ್ತಿನಿಂದ ಬಿಟ್ಟುಬಿಟ್ಟಳು. ಯಾರ ಮನೆ ಮದುವೆಗೆ ಹೋದರೂ ಪದ ಹೇಳುವವರ ಜೊತೆ ಕೂರದೆ ಎಲೆ ಅಡಿಕೆ ಜೋಡಿಸುತ್ತಿದ್ದಳು. ಎಲ್ಲರ ಕೈಗೂ ಮೊಬೈಲು ಬಂದು, ಕೆಮ್ಮಿದ್ದು ಸೀನಿದ್ದೆಲ್ಲ ರೆಕಾರ್ಡ್ ಆಗುವ ಕಾಲಕ್ಕೆ ಅವಳ ಹಾಡು ಮುಗಿದೇ ಹೋಗಿತ್ತು. ಮದುವೆ ವಿಡಿಯೋಗಳಲ್ಲಿ ಅವಳ ಮಾತಿದೆ, ನಗುವಿದೆ. ಮಾತಿನ ದನಿ ಹಿಡಿದುಕೊಂಡು ಹಾಡಿನ ದನಿ ಹುಡುಕಲು ಆಗುವುದಿಲ್ಲ. ಪ್ರಯತ್ನ ಮಾಡಿಯೇ ಹೇಳುತ್ತಿದ್ದೇನೆ.

ಅವಳು ಹೋದ ಮೇಲೆ ಒಂದು ದಿನ ಟ್ರಂಕಿನಿಂದ ಆ ತಟ್ಟೆ ತೆಗೆದು ಹಾಕಿದೆ. ಐದು ಜನ ಹಾಡುತ್ತಿದ್ದರು. ಅವಳು ಯಾರೆಂದು ಗೊತ್ತಾಗಲಿಲ್ಲ. ಅವತ್ತು ನನಗಾದ ಗಾಬರಿ ಅವಳು ಸತ್ತ ದಿನವೂ ಆಗಿರಲಿಲ್ಲ. ಸತ್ತ ದಿನ ಅವಳ ಮುಖವಾದರೂ ಕಣ್ಣ ಮುಂದಿತ್ತು. ಈಗ ಅವಳ ದನಿಯನ್ನೇ ನಾನು ಮರೆತುಬಿಟ್ಟಿದ್ದರೆ ಅವಳು ನನ್ನಿಂದ ಎರಡನೇ ಸಲ ಹೋದ ಹಾಗೆ. ತಪ್ಪು ನನ್ನದಲ್ಲ, ಈ ಹಳೇ ಸಾಮಾನಿನದು, ಒಳ್ಳೆಯ ಸಾಮಾನು ತಂದರೆ ದನಿಗಳು ಬಿಡಿಬಿಡಿಯಾಗಿ ಕೇಳಿಸಿ ಅಕ್ಕ ಸಿಕ್ಕೇ ಸಿಗುತ್ತಾಳೆ ಎಂದು ಹಟ ಹಿಡಿದೆ.

ಈ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ತಟ್ಟೆಯ ಗೀರಿನಲ್ಲಿ ಓಡುವಾಗ ಮುಳ್ಳು ನಡುಗುತ್ತದೆ. ಆ ನಡುಕವನ್ನು ಕರೆಂಟು ಮಾಡುವ, ಬೆರಳ ತುದಿಯಷ್ಟಿರುವ ಸಾಮಾನಿಗೆ ಕಾರ್ಟ್ರಿಜ್ ಎನ್ನುತ್ತಾರೆ. ನಾನು ತರಿಸಿದ್ದು ಮೂವಿಂಗ್ ಕಾಯಿಲ್ ಎಂಬ ಜಾತಿಯದು. ಅದರೊಳಗೆ ಕೂದಲಿಗಿಂತ ಸಣ್ಣ ತಂತಿಯ ಸುರುಳಿ ಮುಳ್ಳಿನ ಜೊತೆಗೇ ಅಲುಗುತ್ತದೆ. ಬೆರೆತುಹೋದ ದನಿಗಳನ್ನು ಬಿಡಿಸಿಕೊಡುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ ಎಂದು ಕೇಳಿದ್ದೆ. ಆದರೆ ಅದು ಹೊರಡಿಸುವ ಕರೆಂಟು ಎಷ್ಟು ಕಮ್ಮಿಯೆಂದರೆ, ನನ್ನ ಹಳೆಯ ಆಂಪ್ಲಿಫೈಯರಿಗೆ ನೇರವಾಗಿ ಕೊಟ್ಟಾಗ ವಾಲ್ಯೂಮನ್ನು ಪೂರಾ ತಿರುಗಿಸಿದರೂ ಪಕ್ಕದ ಮನೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗಿತ್ತು. ಅದನ್ನು ಎತ್ತಿಕೊಡಲು ನಡುವೆ ಒಂದು ಪೆಟ್ಟಿಗೆ ಬೇಕು. ಪೆಟ್ಟಿಗೆಯಲ್ಲಿ ಎರಡು ಬಗೆ. ಒಂದು ಫೋನೋ ಪ್ರಿಆಂಪ್, ಕರೆಂಟಿಗೆ ಹಾಕಿ ನಡೆಸುವಂಥದ್ದು. ಇನ್ನೊಂದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್. ಅದಕ್ಕೆ ಪ್ಲಗ್ಗೂ ಇಲ್ಲ, ಸ್ವಿಚ್ಚೂ ಇಲ್ಲ. ಒಳಗೆ ಎರಡು ಸುರುಳಿಗಳು, ಒಂದರಿಂದ ಇನ್ನೊಂದಕ್ಕೆ ಹಾಯುವಾಗಲೇ ಸದ್ದು ದೊಡ್ಡದಾಗುತ್ತದೆ.

ಇವೆರಡರಲ್ಲಿ ಯಾವುದು ಮೇಲು ಎನ್ನುವುದರ ಮೇಲೆ ಇಂಟರ್ನೆಟ್ಟಿನಲ್ಲಿ ಜನ ಒಬ್ಬರ ಮೈಮೇಲೆ ಒಬ್ಬರು ಬಿದ್ದು ಕಚ್ಚಾಡುವುದನ್ನು ನೋಡಿದರೆ ನಗು ಬರುತ್ತದೆ. ನಾನೂ ಮೈಕ್‌ಸೆಟ್ ನಡೆಸಿ ತಲೆ ನೆರೆಸಿಕೊಂಡವನು. ಅವರ ಮಾತು ಓದಿ ಓದಿ ಕೊನೆಗೆ ನನಗೆ ಕಾರ್ಟ್ರಿಜ್ ಯಾವುದು, ಕಾಯಿ ಯಾವುದು ಎನ್ನುವುದೇ ಮರೆಯುವ ಹಾಗಾಯಿತು. ಅಂಗಡಿಯವರು ಮಾತ್ರ ಒಳ್ಳೆಯವರು. "ಎರಡನ್ನೂ ಕಳಿಸ್ತೀನಿ ಸಾರ್, ಒಂದಾದ ಮೇಲೊಂದು. ಮನೇಲಿ ಕೇಳಿ. ನಿಮ್ಮ ಕಿವಿಗೆ ಯಾವ್ದು ಸರಿ ಅನ್ಸುತ್ತೋ ಅದನ್ನ ಇಟ್ಕೊಳ್ಳಿ" ಅಂದರು.

ಮೊದಲು ಪ್ರಿಆಂಪ್ ಬಂತು. ಸದ್ದೇನೋ ತುಂಬಿಕೊಂಡು ಬಂತು, ಹಿಂದೆ ಸಣ್ಣಗೆ ಸುಯ್ ಎನ್ನುವ ಗಾಳಿಯೂ ಇತ್ತು. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಆ ಪದಗಳಿಗೆ ಹಿಂದೆ, ಕೈಯಲ್ಲಿ ಹಿಡಿದು ಬಡಿಯುವ ದಮ್ಮಡಿ ಎಂಬ ಚರ್ಮವಾದ್ಯದ ಪೆಟ್ಟಿದೆ. ಪ್ರತಿ ಪೆಟ್ಟಿಗೂ ಕಟಕಟ ಎಂದು ಹಲ್ಲು ಕಡಿದ ಸದ್ದು ಬರುತ್ತಿತ್ತು. ಸರಿಯಾಗಿ ಐವರೂ ದನಿಗೂಡಿಸುವ ಜಾಗದಲ್ಲೇ ಆ ಕಟಕಟ ಜೋರು. ಪೆಟ್ಟಿಗೆಯಲ್ಲಿ ಏನೋ ಸಡಿಲವಾಗಿದೆ ಅಂದುಕೊಂಡು, ಅಂಗಡಿಯವರಿಗೆ ಫೋನು ಮಾಡಿ ಖಾರವಾಗಿ ಮಾತಾಡಿ, ಕೊರಿಯರಿನಲ್ಲಿ ವಾಪಸ್ಸು ಕಳಿಸಿದೆ.

ಆಮೇಲೆ ಟ್ರಾನ್ಸ್‌ಫಾರ್ಮರ್ ಬಂತು. ತೋಟದ ಕಂಬದ ಮೇಲೆ ಕೂತಿರುವ ದೊಡ್ಡ ಟ್ರಾನ್ಸ್‌ಫಾರ್ಮರನ್ನು ನಮ್ಮ ಕಡೆ ಟೀಸಿ ಎನ್ನುತ್ತಾರೆ. ಹೆಂಡತಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ತೋಟದಾಗಿರೋ ಟೀಸಿ ಸಾಲ್ದು ಅಂತ ಮನೆ ಒಳೀಕೂ ಒಂದು ತರಿಸ್ಕಂಡ್ರಾ?" ಅಂದಳು. ಅವಳ ಬಾಯಿ ಮುಹೂರ್ತವೋ ಏನೋ, ಹಾಕಿದ ಕೂಡಲೇ ಗುಂಯ್ ಎನ್ನತೊಡಗಿತು. ತೋಟಗಳಿಗೆ ತ್ರೀ ಫೇಸ್ ಕರೆಂಟು ಬಂದು ಸುತ್ತಮುತ್ತಲ ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಶುರುವಾದಾಗಂತೂ ಅಕ್ಕನ ಹಾಡಿಗಿಂತ ಅದರ ಹಾಡೇ ದೊಡ್ಡದು. ಟ್ರಾನ್ಸ್‌ಫಾರ್ಮರಿಗೆ ಒಳ್ಳೆಯ ಅರ್ತಿಂಗ್ ಬೇಕು, ಇಲ್ಲದಿದ್ದರೆ ಅದು ಗಾಳಿಯಲ್ಲಿರುವ ಕರೆಂಟನ್ನೆಲ್ಲ ಎಳೆದುಕೊಳ್ಳುತ್ತದೆ ಎಂದು ಅಂಗಡಿಯವರು ಹೇಳಿದರು.

ಅರ್ತಿಂಗ್ ಮಾಡುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೋಡೆಯ ಹಿಂದೆ ಗುಂಡಿ ತೆಗೆದು, ತಾಮ್ರದ ತಗಡು ನಿಲ್ಲಿಸಿ, ಸುತ್ತ ಕರಟದ ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ ಹಾಕುತ್ತಾ ಬಂದೆ. ಇದ್ದಿಲಿಗೇನು, ನಮ್ಮ ಸೀಮೆಯಲ್ಲಿ ಕರಟಕ್ಕೆ ಬರವೇ? ನಾನು ಉಪ್ಪು ಸುರಿಯುತ್ತಿದ್ದಾಗ ಹೆಂಡತಿ ಬಂದು ಗುಂಡಿಯೊಳಕ್ಕೆ ಬಗ್ಗಿ ನೋಡಿದಳು. ನಮ್ಮಲ್ಲಿ ತೆಂಗಿನ ಸಸಿ ನೆಡುವಾಗಲೂ ಗುಂಡಿಗೆ ಉಪ್ಪು ಹಾಕುತ್ತಾರೆ. "ಯಾವ ತಳೀದು ಇದು? ಎಷ್ಟು ವರ್ಸಕ್ಕೆ ಹೊಂಬಾಳೆ ಬಿಡ್ತೈತೆ?" ಅಂದಳು. "ಬಿಟ್ಟಾಗ ನಿಂಗೇ ಮೊದ್ಲು ಹೇಳ್ತೀನಿ, ಒಂದು ಬಿಂದಿಗೆ ನೀರು ತತ್ತಾ" ಅಂದೆ. ತಂದು ಸುರಿದಳು. ಗುಂಯ್ ನಿಂತಿತು. ಎಷ್ಟು ನಿಂತಿತೆಂದರೆ ಮುಳ್ಳು ಇಡುವುದಕ್ಕೆ ಮುಂಚೆ ಸ್ಪೀಕರಿನಲ್ಲಿ ಏನೇನೂ ಇರಲಿಲ್ಲ.

ಮುಳ್ಳು ಇಟ್ಟೆ. ದಮ್ಮಡಿ ಬಿತ್ತು. ಕಟಕಟ.

ನನಗೆ ಬಂದ ಸಿಟ್ಟಿಗೆ ತಟ್ಟೆ, ಟ್ರಾನ್ಸ್‌ಫಾರ್ಮರು, ಸ್ಪೀಕರು ಎಲ್ಲವನ್ನೂ ಹೊತ್ತು ಬಾವಿಗೆ ಹಾಕುವವನಿದ್ದೆ. ಮುಳ್ಳು ಎತ್ತಿ, ಎಲ್ಲ ಆರಿಸಿ, ಮಂಚದ ಮೇಲೆ ಕೂತೆ. ಅಷ್ಟರಲ್ಲಿ ಮುಂದಿನ ರಸ್ತೆಯಲ್ಲಿ ಕಾಯಿ ತುಂಬಿಕೊಂಡ ಟ್ರಾಕ್ಟರೊಂದು ಗಡಗಡ ಎಂದು ಹೋಯಿತು. ಮನೆ ಅದುರಿತು. ಎಲ್ಲ ಆರಿಸಿಟ್ಟಿದ್ದರೂ ಅದೇ ಕಟಕಟ ಕೇಳಿಸಿತು, ನನ್ನ ತಲೆಯ ಮೇಲಿನಿಂದ.

ತಿಪಟೂರಿನ ಕೊಬ್ಬರಿ ಆಗುವುದು ಹೀಗೆ: ಬಲಿತ ಕಾಯಿಗಳನ್ನು ಅಟ್ಟಕ್ಕೆ ಹಾಕಿ, ಹತ್ತು ಹನ್ನೆರಡು ತಿಂಗಳು ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ನೋಡಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಉಂಡೆ ಆಡಿದರೆ ಆಯಿತೆಂದು ಲೆಕ್ಕ. ನಮ್ಮ ನಡುಮನೆಯ ಮೇಲೇ ಅಟ್ಟ, ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಮಾಡಿದ್ದು, ಅದರ ತುಂಬ ಕಾಯಿ. ದಮ್ಮಡಿಯ ಪೆಟ್ಟಿಗೆ ದಬ್ಬೆ ಅದುರಿ, ಕಾಯೊಳಗಿನ ಕೊಬ್ಬರಿಗಳೆಲ್ಲ ಕುಣಿಯುತ್ತಿದ್ದವು. ಹುಟ್ಟಿದಂದಿನಿಂದ ಆ ಸದ್ದನ್ನು ಕೇಳಿಕೊಂಡು ಬಂದವನು ನಾನು. ಅದು ನನ್ನ ತಲೆಗೆ ಹೊಳೆಯದೆ, ಒಳ್ಳೆಯ ಪ್ರಿಆಂಪನ್ನು ದೂರಿ ಬೆಂಗಳೂರಿಗೆ ಅಟ್ಟಿದ್ದೆ. ಬೇರೆ ಯಾವ ದೇಶದಲ್ಲೂ ಯಾರೂ ಇಂಥ ಕಾರಣಕ್ಕೆ ಪ್ರಿಆಂಪ್ ವಾಪಸ್ಸು ಮಾಡಿರಲಾರರು. ಅಂಗಡಿಯವರಿಗೆ ಫೋನು ಮಾಡಿ ನಿಜ ಹೇಳಿದೆ. ಅವರು ಬಹಳ ಹೊತ್ತು ನಕ್ಕು, ಅದನ್ನೂ ಮತ್ತೆ ಕಳಿಸುತ್ತೇನೆ, ಪಕ್ಕಪಕ್ಕ ಇಟ್ಟು ನೋಡಿ ಅಂದರು.

ಕಾಯಿಗಳು ಹೇಗೂ ಹದ ಬಂದಿದ್ದವು. ಆಳುಗಳನ್ನು ಕರೆದು ಕಾಯಿ ಇಳಿಸಿ, ಒಡೆಸಿ, ಕೊಬ್ಬರಿಯನ್ನು ಮಾರುಕಟ್ಟೆಗೆ ಸಾಗಿಸಿ, ಬರಿದಾದ ಅಟ್ಟದ ಕೆಳಗೆ ಕೂತು ತಟ್ಟೆ ಹಾಕಿದೆ. ಅದನ್ನು ಹೇಗೆ ಹೇಳಲಿ? ಆರು ಜನ ಹೆಂಗಸರು ನಮ್ಮ ನಡುಮನೆಗೆ ಬಂದು ನಿಂತರು. ಮುಂದೆ ಹೇಳುವವರು ನಡುವೆ. ಎಡಕ್ಕೆ ಇಬ್ಬರು, ಬಲಕ್ಕೆ ಮೂವರು. ಉಸಿರು ತೆಗೆದುಕೊಳ್ಳುವುದೂ ಬೇರೆಬೇರೆಯಾಗಿ ಕೇಳಿಸಿತು. ಬಲಗಡೆಯ ಕೊನೆಯಲ್ಲಿ ಒಬ್ಬಳು, ದನಿ ಸಣ್ಣದು, ಎಲ್ಲರಿಗಿಂತ ಒಂದು ಕೂದಲೆಳೆ ಮುಂಚೆ ಹೊರಡುತ್ತಿದ್ದಳು. ಯಾವುದಕ್ಕೂ ಕಾಯದವಳು. ಹೊಲದಿಂದ ಬರುವಾಗ ನನ್ನನ್ನು ಹಿಂದೆ ಬಿಟ್ಟು ದಾಪುಗಾಲು ಹಾಕುತ್ತಿದ್ದವಳು. ಅಕ್ಕ!

ಹೆಂಡತಿಯನ್ನು ಕೂಗಿ ಕರೆದೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿದ್ದುದರಿಂದ ಅವಳು ತಮಾಷೆ ಮಾಡಲಿಲ್ಲ. ಪಕ್ಕದಲ್ಲಿ ಕೂತು ಒಂದು ಬದಿ ಪೂರ್ತಿ ಕೇಳಿದಳು. ಅವಳು ಈ ಮನೆಗೆ ಬಂದದ್ದು ತಡವಾಗಿ, ಅಕ್ಕನ ಹಾಡು ಅವಳಿಗೆ ಅಷ್ಟು ಪರಿಚಯವಿಲ್ಲ. "ಭಾವನೋರ್ಗೆ ಫೋನ್ ಮಾಡಿ" ಅಂದಳು.

ಭಾವ, ಅಕ್ಕನ ಗಂಡ, ಮಾರನೆಯ ದಿನವೇ ಬಂದರು. ಅವರು ಮಾತು ಕಮ್ಮಿಯ ಮನುಷ್ಯ. ಅಕ್ಕ ಹೋದಮೇಲೆ ಇನ್ನೂ ಕಮ್ಮಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಹೆಣ್ಣು ನೋಡಲು ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ನಾನು ಏನೂ ಹೇಳದೆ ಮುಳ್ಳು ಇಟ್ಟೆ. ಅವರು ಕಣ್ಣು ಮುಚ್ಚಿದರು. ಮೂರನೆಯ ಪದದ ಹೊತ್ತಿಗೆ ಅವರ ಕೈ ತಾನಾಗಿ ಎದ್ದಿತು.

"ಇವ್ಳೇ" ಅಂದರು.

ಕೈ ತೋರಿಸುತ್ತಿದ್ದುದು ಎಡಗಡೆಯ ಸ್ಪೀಕರಿಗೆ.

ಎಡಗಡೆಯ ಇಬ್ಬರಲ್ಲಿ ಒಬ್ಬಳದು ತಗ್ಗಿನ ದನಿ, ಸ್ವಲ್ಪ ಒರಟು, ನಿಧಾನ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು, ನನ್ನ ಸ್ವಭಾವಕ್ಕೆ ಅದು ಬರುವುದಿಲ್ಲ. "ಅಲ್ಲ ಭಾವ, ಈ ಕಡೆ ಕೇಳಿ. ಬಲಗಡೆ ಕೊನೇಲಿ. ಅವಳೇ ಅಕ್ಕ" ಅಂದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. "ನನ್ ಹೆಂಡ್ತಿ ದನಿ ನಂಗೊತ್ತಿಲ್ವೇನಪ್ಪ?" ಅಂದರು. "ನಮ್ಮಕ್ಕನ ದನಿ ನಂಗೊತ್ತಿಲ್ವಾ?" ಅಂದೆ. ಹೆಂಡತಿ ಕಾಫಿ ಲೋಟಗಳನ್ನು ಹಿಡಿದುಕೊಂಡು ನಡುವೆ ನಿಂತಿದ್ದಳು. ಭಾವ ಕಾಫಿ ಕುಡಿದರು, ಮಳೆ ವಿಷಯ ಕೇಳಿದರು, "ಬತ್ತೀನಿ" ಅಂದು ಊಟಕ್ಕೂ ನಿಲ್ಲದೆ ಹೊರಟರು. ಅಕ್ಕ ಇದ್ದಾಗ ಅವರು ನಮ್ಮ ಮನೆಯಿಂದ ಉಣ್ಣದೆ ಹೋದದ್ದು ನನಗೆ ನೆನಪಿಲ್ಲ.

ಹಳೇ ಹಾರ್ನಿನಲ್ಲಿ ಐವರೂ ಒಂದಾಗಿದ್ದಾಗ ಅವಳು ನನಗೂ ಇದ್ದಳು, ಅವರಿಗೂ ಇದ್ದಳು. ಈಗ ಇಷ್ಟು ಒಳ್ಳೆಯ ಸಾಮಾನು ತಂದು ಇಬ್ಬರಲ್ಲಿ ಒಬ್ಬರಿಗೆ ಅವಳನ್ನು ಇಲ್ಲವಾಗಿಸಿಬಿಟ್ಟಿದ್ದೆ. ಮತ್ತೆ ಮತ್ತೆ ಕೇಳಿದೆ. ಬಲಗಡೆಯವಳೇ ನನ್ನ ಅಕ್ಕ. ಆದರೆ ಕೇಳುತ್ತಾ ಹೋದಂತೆ ಇನ್ನೊಂದು ಯೋಚನೆ ಹೊಕ್ಕಿತು. ನನಗೆ ನೆನಪಿರುವುದು ಅವಳು ನಮ್ಮ ಮನೆಯ ಹುಡುಗಿಯಾಗಿದ್ದಾಗ ಹೇಳುತ್ತಿದ್ದ ದನಿ. ಯಾರ ಹೆದರಿಕೆಯೂ ಇಲ್ಲದೆ ಮೇಲೆ ಎತ್ತಿ ಹೇಳುತ್ತಿದ್ದಳು. ಭಾವ ಕೇಳಿದ್ದು ಸೊಸೆಯಾಗಿ ಹೋದವಳ ದನಿ. ಅತ್ತೆ ಮಾವ ಇರುವ ಮನೆಯಲ್ಲಿ, ರಾಗಿ ಹಸನು ಮಾಡುತ್ತಲೋ ಕಾಯಿ ಆರಿಸುತ್ತಲೋ, ತಗ್ಗಿಸಿ ಹೇಳಿಕೊಂಡಿರುತ್ತಾಳೆ. ಬೆಂಗಳೂರಿಗೆ ಹೋದಾಗ ಅವಳು ಎರಡು ಮನೆಗಳ ನಡುವೆ ಇದ್ದಳು. ಅವತ್ತು ಆ ಮೈಕಿನ ಮುಂದೆ ತವರಿನ ದನಿಯಲ್ಲಿ ಹಾಡಿದಳೋ, ಗಂಡನ ಮನೆಯ ದನಿಯಲ್ಲೋ? ಇದಕ್ಕೆ ಉತ್ತರ ಹೇಳುವ ಟ್ರಾನ್ಸ್‌ಫಾರ್ಮರ್ ಎಲ್ಲೂ ಸಿಗುವುದಿಲ್ಲ.

ಹಾಡಿದ ಐವರಲ್ಲಿ ಈಗ ಉಳಿದಿರುವವರು ಒಬ್ಬರೇ, ಮಾಯಸಂದ್ರದಲ್ಲಿ ಮಗಳ ಮನೆಯಲ್ಲಿದ್ದಾರೆ. ಬಸ್ಸು ಹತ್ತಿ ಹೋದೆ. ಜಗಲಿಯ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಗುರುತು ಹೇಳಿಕೊಂಡು, ಅವತ್ತು ಯಾರು ಯಾವ ಕಡೆ ನಿಂತಿದ್ದಿರಿ, ಅಕ್ಕ ಎಡಕ್ಕಿದ್ದಳೋ ಬಲಕ್ಕಿದ್ದಳೋ ಎಂದು ಕೇಳಿದೆ.

"ಅಯ್ಯೋ ನಮ್ಮಪ್ಪ, ಯಾರಿಗೆ ಗ್ಯಾನ ಐತೆ ಅದು? ಅವ್ರು ಅತ್ಲಾಗೆ ನಿಂತ್ಕ ಅಂದ್ರು, ಇತ್ಲಾಗೆ ಬಾ ಅಂದ್ರು" ಎಂದರು.

ಫೋನಿಗೆ ಇಳಿಸಿಕೊಂಡು ಹೋಗಿದ್ದ ಹಾಡನ್ನು ಅವರ ಕಿವಿಗೆ ಹಿಡಿದೆ. ಮುಖ ಅರಳಿತು. ತಲೆದೂಗುತ್ತಾ ತಾವೂ ಸಣ್ಣಗೆ ಹೇಳಿಕೊಂಡರು. ಮುಗಿದ ಮೇಲೆ, "ಇದರಾಗೆ ನಿಮ್ಮ ದನಿ ಯಾವುದಜ್ಜಿ?" ಅಂದೆ. ಅವರು ನಕ್ಕರು.

"ಗೊತ್ತಾಗಾಕಿಲ್ಲ ಕಣಪ್ಪ. ಗೊತ್ತಾಗ್ಬಾರ್ದು. ಹಿಂದೆ ಹೇಳೋಳು ಎದ್ದು ಕಾಣ್ಬಾರ್ದು ಅಂತ ನಮ್ಮವ್ವ ಬಯ್ದು ಬಯ್ದು ಕಲ್ಸಿದ್ಲು. ನಿಮ್ಮಕ್ಕಂಗೂ ಅವ್ಳೇ ಕಲ್ಸಿದ್ದು. ಒಬ್ಳು ಉಸ್ರು ತಕ್ಕಂಡ್ರೆ ಇನ್ನೊಬ್ಳು ಹಿಡ್ಕಬೇಕು. ಪದ ನಿಲ್ಬಾರ್ದು, ಯಾರ್ ಹೇಳಿದ್ರು ಅಂತ ತಿಳೀಬಾರ್ದು."

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಮಾತನ್ನೇ ತಿರುವಿ ಹಾಕಿದೆ. ಅವಳು ಕಷ್ಟಪಟ್ಟು ಕಲಿತದ್ದೇ ಬೆರೆತುಹೋಗುವುದನ್ನು. ನಾನು ಅದನ್ನು ಬಿಡಿಸಲು ಗುಂಡಿ ತೋಡಿ ಉಪ್ಪು ಸುರಿದೆ. ಇಷ್ಟಾದರೂ ಅವಳು ಬೇಕು ಅನ್ನುವುದು ಕಮ್ಮಿಯಾಗಲಿಲ್ಲ. ಅವಳನ್ನು ಒಂದೇ ಒಂದು ಸಲ, ಅವಳೊಬ್ಬಳನ್ನೇ, ಯಾರ ದನಿಯೂ ಅಡ್ಡ ಬರದ ಹಾಗೆ ಕೇಳಬೇಕು ಎನ್ನುವ ಆಸೆ ಈಗಲೂ ಇದೆ. ಆಸೆಗೆ ಬುದ್ಧಿ ಹೇಳಿದರೆ ಕೇಳುತ್ತದೆಯೇ?

ಮನೆಗೆ ಬಂದಾಗ ಪ್ರಿಆಂಪ್ ಮತ್ತೆ ಬಂದು ಕೂತಿತ್ತು. ಭಾವ ಬರುತ್ತಾರೆಂದು ಕಾದೆ. ವಾರವಾದರೂ ಬರಲಿಲ್ಲ, ಫೋನೂ ಮಾಡಲಿಲ್ಲ. ನಾನು ಮಾಡಲು ಹೋಗಿ ಎರಡು ಸಲ ಇಟ್ಟುಬಿಟ್ಟೆ. ಕೊನೆಗೆ ಅವರೇ ಒಂದು ಮಧ್ಯಾಹ್ನ, ಹಿತ್ತಲಿನ ನುಗ್ಗೆಕಾಯಿಯ ಕಟ್ಟು ಹಿಡಿದುಕೊಂಡು ಬಂದರು. ನುಗ್ಗೆಕಾಯಿ ನಮ್ಮ ಹಿತ್ತಲಲ್ಲೂ ಬೇಕಾದಷ್ಟಿದೆ ಎನ್ನುವುದು ಅವರಿಗೆ ಗೊತ್ತು. ಹೆಂಡತಿ, "ನೀವು ತಂದಿದ್ದೇ ಚೆನ್ನಾಗಿರ್ತವೆ" ಎಂದು ತೆಗೆದುಕೊಂಡು ಒಳಗೆ ಹೋದಳು.

"ಹಾಕಪ್ಪ ಇನ್ನೊಂದ್ಸಲ" ಎಂದರು ಭಾವ.

ಟ್ರಾನ್ಸ್‌ಫಾರ್ಮರಿನಲ್ಲೇ ಹಾಕಿದೆ. ಈ ಸಲ ಭಾವ ಕಣ್ಣು ಮುಚ್ಚಲಿಲ್ಲ. ನೆಲ ನೋಡುತ್ತಾ ಕೇಳಿದರು. ಒಂದು ಪದ ಮುಗಿಯಿತು, ಇನ್ನೊಂದು ಮುಗಿಯಿತು. ಮುಳ್ಳು ಎತ್ತು ಎಂದು ಕೈಸನ್ನೆ ಮಾಡಿದರು. ಎತ್ತಿದೆ.

"ಅವತ್ತು ನಾನು ಹೇಳಿದ್ದು ಸುಳ್ಳು ಕಣಪ್ಪ" ಅಂದರು. "ನಂಗೆ ಯಾರ ದನೀನೂ ಗುರ್ತು ಸಿಗ್ಲಿಲ್ಲ. ಎಲ್ಲಾ ಹೆಂಗಸ್ರೂ ಬಿಡಿಬಿಡಿಯಾಗಿ ಕೇಳ್ತಾವ್ರೆ, ಎಲ್ಲಾ ಯಾರೋ ಯಾರೋ. ನೀನು ಬೇರೆ ನನ್ ಮುಖಾನೇ ನೋಡ್ತಿದ್ದೆ. ಇಷ್ಟು ವರ್ಸ ಬಾಳಾಟ ಮಾಡಿದೋನು, ಹೆಂಡ್ತಿ ದನಿ ಗೊತ್ತಾಗ್ತಿಲ್ಲ ಅಂತ ಹೆಂಗೆ ಹೇಳ್ಳಿ? ಯಾವ್ದೋ ಒಂದು ಕಡೆ ಕೈ ತೋರಿಸ್ಬುಟ್ಟೆ."

ನಾನು ಬಗ್ಗಿ ತಟ್ಟೆಯ ಮೇಲಿನ ಧೂಳು ಒರೆಸಿದೆ.

"ನೀನು ಹೇಳಿದ್ದೇ ಸರಿಯಿರ್ಬೌದು. ಬಲಗಡೆ ಅಂದ್ಯಲ್ಲ, ಅವ್ಳನ್ನ ತೋರ್ಸು. ಇದೇ ಅವ್ಳು ಅಂತ ಹೇಳು, ಕೇಳಿ ಕೇಳಿ ಗುರ್ತು ಮಾಡ್ಕಂತೀನಿ" ಎಂದರು.

ಗಂಡನೊಬ್ಬ ತನ್ನ ಹೆಂಡತಿಯ ಗುರುತು ಹೇಳಿಕೊಡೆಂದು ನನ್ನನ್ನು ಕೇಳುತ್ತಿದ್ದ. ನಾನು ಖಂಡಿತ ಎಂದುಕೊಂಡಿದ್ದದ್ದೆಲ್ಲ ಆ ಕ್ಷಣ ಕೈಬಿಟ್ಟಿತು. ದಿನಾ ಆ ಬಲಗಡೆಯವಳನ್ನು ಕೇಳಿ ಕೇಳಿ, ಈಗ ಅಕ್ಕನ ನೆನಪಾದರೆ ಅದೇ ದನಿ ಬರುತ್ತಿತ್ತು. ಅದಕ್ಕೆ ಮುಂಚೆ ಯಾವ ದನಿ ಬರುತ್ತಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ. ಅವಳು ಅಕ್ಕ ಅಲ್ಲದೇ ಇದ್ದರೆ? ಯಾರೋ ಒಬ್ಬ ಹೆಂಗಸನ್ನು ತೋರಿಸಿ, ಇವಳೇ ನಿಮ್ಮ ಹೆಂಡತಿ ಎಂದು ಈ ಮನುಷ್ಯನಿಗೆ ಬಾಯಿಪಾಠ ಮಾಡಿಸಲೇ? ಅವರು ಎಳೆ ಮಗುವಿನ ಹಾಗೆ ನಂಬಿಕೊಂಡು ಕೂತಿದ್ದರು.

"ತಡೀರಿ ಭಾವ" ಅಂದೆ.

ಟ್ರಾನ್ಸ್‌ಫಾರ್ಮರಿನ ತಂತಿ ಬಿಚ್ಚಿ ಪ್ರಿಆಂಪಿಗೆ ಸಿಕ್ಕಿಸಿದೆ. ಅದರ ಮುಖದ ಮೇಲೆ ಮೋನೋ ಎಂಬ ಸಣ್ಣ ಬಟನ್ ಇದೆ. ಒತ್ತಿದರೆ ಎಡ ಬಲ ಎನ್ನುವುದು ಹೋಗಿ ಎರಡು ಕಡೆಯ ಸದ್ದೂ ಒಂದಾಗಿ ನಡುವಿನಿಂದ ಬರುತ್ತದೆ. ಹಳೆಯ ತಟ್ಟೆಗಳ ಗರಗರ ಕಮ್ಮಿ ಮಾಡಲು ಇಟ್ಟಿರುವುದು. ಅದನ್ನು ಒತ್ತಿ ಮುಳ್ಳು ಇಟ್ಟೆ. ಮುಂದೆ ಹೇಳುವವರು ಶುರು ಮಾಡಿದರು. ಅವರ ಸೊಲ್ಲು ಮುಗಿಯುತ್ತಿದ್ದ ಹಾಗೆ ಐವರೂ ಒಬ್ಬರಿಗೊಬ್ಬರು ಭುಜ ತಾಗಿಸಿಕೊಂಡು ಎತ್ತಿಕೊಂಡರು. ಯಾರು ಯಾರೆಂದು ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಭಾವ ಸ್ಪೀಕರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಎರಡನೇ ಸೊಲ್ಲಿಗೆ ಅವರ ಹೆಗಲು ಸ್ವಲ್ಪ ಇಳಿಯಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತರು.

"ಇದರಾಗೆ ಒಬ್ಳು ಅವ್ಳೇ ಅಲ್ವೇನಪ್ಪ?" ಎಂದರು.

"ಹೂಂ ಭಾವ. ಅದು ಖಂಡಿತ."

"ಹಂಗಾರೆ ಸಾಕು ಬುಡು. ಹಿಂಗೇ ಇರ್ಲಿ."

ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಗೆ ಹಾಕಿ ಕಳಿಸಿದೆ. ಅಂಗಡಿಯವರಿಗೆ ನಂಬಿಕೆಯಾಗಲಿಲ್ಲ. ಅದರಲ್ಲಿ ದನಿಗಳು ಎಷ್ಟು ಬಿಡಿಸಿ ಕೇಳುತ್ತವೆ ಸಾರ್, ಏನಾದರೂ ತೊಂದರೆಯಿತ್ತಾ ಅಂದರು. ಇಲ್ಲ, ನೀವು ಹೇಳಿದ್ದಕ್ಕಿಂತ ಚೆನ್ನಾಗಿತ್ತು ಅಂದೆ.

ಭಾವ ಈಗ ಸಂತೆಯ ದಿನ ಬಂದು ಉಂಡು ಹೋಗುತ್ತಾರೆ. ಊಟಕ್ಕೆ ಮುಂಚೆ ಒಂದು ಬದಿ ಕೇಳುತ್ತೇವೆ. ಕೇಳುವಾಗ ನಾನು ಅವರ ಮುಖ ನೋಡುವುದಿಲ್ಲ, ಅವರು ನನ್ನ ಮುಖ ನೋಡುವುದಿಲ್ಲ. ಹೋದ ವಾರ ಪದ ಮುಗಿದ ಮೇಲೆ ಅವರು, "ಇವತ್ತು ಚೆನ್ನಾಗಿ ಹೇಳಿದ್ಲು" ಅಂದರು. ಯಾರು ಎಂದು ನಾನು ಕೇಳಲಿಲ್ಲ.